ಎಡಗಡೆಯ ಹಿಡಿ

ಹುಣಸೂರು, ೧೨ ನವೆಂಬರ್ ೨೦೨೪, ಮಂಗಳವಾರ

ಲೇತ್‌ನ ಕತ್ತರಿಸುವ ಉಳಿಯನ್ನು ಹಿಡಿಯಲು ನಾನೇ ಮಾಡಿದ ಟೂಲ್ ಹೋಲ್ಡರ್ ಮೂರನೇ ಸಲಕ್ಕೆ ಸರಿಯಾಯಿತು. ಶಾಫ್ಟಿಗೆ ನಟ್ಟು ಕೂರುವ ಥ್ರೆಡ್ ಹಾಕುವಾಗ ಕೊನೆ ಮುಟ್ಟಿದ ಕೂಡಲೇ ಟೂಲನ್ನು ಹಿಂದಕ್ಕೆ ಎಳೆಯಬೇಕು. ತಡವಾದರೆ ಶಾಫ್ಟೇ ಕೆಡುತ್ತದೆ. ನಾನು ಮಿಷನ್ ನಿಲ್ಲಿಸುವುದು, ಹೆಂಡತಿ ಸುಧಾ ಟೂಲ್ ಎಳೆಯುವುದು. ಹನ್ನೊಂದು ವರ್ಷ ಹೀಗೇ ನಡೆಯಿತು. ಜೂನ್‌ನಲ್ಲಿ ಅವಳಿಗೆ ಎನ್. ಬೇಗೂರಿನ ಹಾಸ್ಟೆಲ್‌ನಲ್ಲಿ ಅಡುಗೆ ಕೆಲಸ ಸಿಕ್ಕಿತು. ಈಗ ಈ ಹೋಲ್ಡರ್‌ನ ಹಿಡಿ ತಿರುಗಿಸಿದರೆ ಸ್ಪ್ರಿಂಗೇ ಟೂಲನ್ನು ಎಳೆದುಕೊಳ್ಳುತ್ತದೆ.

ಸಂಜೆ ರಾವಂದೂರಿನ ಚಲುವರಾಜು ಅವರ ಪಂಪ್ ಶಾಫ್ಟ್ ಮಾಡಿಕೊಟ್ಟೆ. ನಟ್ಟು ಸಲೀಸಾಗಿ ಕೂತಿತು. ಆದರೂ ಹಿಡಿ ತಿರುಗಿಸುವಾಗ ಪ್ರತಿ ಸಲ ಬಾಯಲ್ಲಿ "ಎಳಿಯೇ" ಎಂದು ಬಂತು.

"ಯಾರ್ಗೇಳ್ತಿದ್ದೀರಿ, ಒಳಗೆ ಯಾರೂ ಇಲ್ವಲ್ಲ?" ಎಂದು ಅವರು ನಕ್ಕರು.

ಸುಧಾಗೆ ಫೋನಿನಲ್ಲಿ ಹೋಲ್ಡರ್ ಸುದ್ದಿ ಹೇಳಿದೆ. "ಅಂಗಾರೆ ಇನ್ ನಾನ್ ಬರೋದೇ ಬ್ಯಾಡ ಅನ್ನಿ," ಎಂದಳು. ನಗಲಿಲ್ಲ. ಆ ಕೆಲಸದಲ್ಲೇ ಇರುವುದೋ, ಬಿಟ್ಟು ಬರುವುದೋ ಎಂದು ಅವಳು ಈ ವಾರ ಅಲ್ಲಿ ತಿಳಿಸಬೇಕು. ನಾನು "ಅಂಗಲ್ಲ ಕಣೇ" ಎಂದಷ್ಟೇ ಹೇಳಿ ಫೋನ್ ಇಟ್ಟೆ.

ಆಮೇಲೆ ಹೋಲ್ಡರ್ ನೋಡುತ್ತಾ ಕೂತೆ. ಹಿಡಿ ಎಡಗಡೆಗಿದೆ. ಮೂರು ಸಲವೂ ಅಲ್ಲೇ ಇಟ್ಟಿದ್ದೇನೆ. ನಾನು ಬಲಗೈಯವನು, ಸಂಜೆಯೆಲ್ಲ ಬಗ್ಗಿ ಬಗ್ಗಿ ತಿರುಗಿಸಿದ್ದೇನೆ. ಎಡಗೈಯವಳು ಅವಳು.

ನಾಳೆ ಅವಳು ಫೋನ್ ಎತ್ತಿದ ಕೂಡಲೇ ಇದನ್ನು ಹೇಳಬೇಕು.