ಇಬ್ಬರ ಸಾಲ, ಒಬ್ಬಳ ಬಾಗಿಲು

ಬೇಕರಿಯ ಹಿಂದಿನ ಕೋಣೆ
ಜೂನ್ ೧೧, ಮಂಗಳವಾರ

ಪ್ರೀತಿಯ ಅತ್ತೆಗೆ ನಮಸ್ಕಾರಗಳು.

ಕಣ್ಣಿನ ಪಟ್ಟಿ ಬಿಚ್ಚಿದರೇ? ನೀರು ಸೋರುವುದು ನಿಂತಿತೇ? ಬಗ್ಗಬೇಡಿ ಎಂದು ಡಾಕ್ಟರು ಹೇಳಿದರೆ ನೀವು ಮಗಳ ಮನೆಯ ನೆಲ ಒರೆಸಲು ಹೊರಡುವವರು. ದಯವಿಟ್ಟು ಸುಮ್ಮನೆ ಕೂತಿರಿ. ಈ ಕಾಗದವನ್ನು ನಾದಿನಿ ಓದಿ ಹೇಳಲಿ. ಕೋರ್ಟು ನನ್ನನ್ನು ನಿಮ್ಮ ಮಗನಿಂದ ಬಿಡಿಸಿತೇ ಹೊರತು ನಿಮ್ಮಿಂದ ಬಿಡಿಸಲಿಲ್ಲ, ಹಾಗಾಗಿ ನೀವು ಅತ್ತೆಯೇ. ಅವರನ್ನು ಏನೆಂದು ಕರೆಯಲಿ ಎಂಬುದೇ ಕಷ್ಟ. ‘ಇವರು’ ಎನ್ನಲು ಬಾಯಿ ಬರುವುದಿಲ್ಲ, ‘ಅವನು’ ಎನ್ನಲು ನಿಮ್ಮೆದುರು ಧೈರ್ಯ ಸಾಲದು. ನಿಮ್ಮ ಮಗ ಎಂದೇ ಬರೆಯುತ್ತೇನೆ.

ಅತ್ತೇ, ನನಗೆ ಭಯವಾಗಿದೆ. ಓವನ್ನಿಗೆಂದು ನಾವಿಬ್ಬರೂ ಸಹಿ ಹಾಕಿ ತಂದ ಸಾಲವನ್ನು ಅರ್ಧ ನಾನು, ಅರ್ಧ ಅವರು ತೀರಿಸಬೇಕೆಂದು ಕೋರ್ಟು ಹೇಳಿತ್ತಲ್ಲ. ನನ್ನ ಅರ್ಧವನ್ನು ಒಂದು ತಿಂಗಳೂ ತಪ್ಪಿಸದೆ ನಮ್ಮ ಹಳೆಯ ಜಂಟಿ ಖಾತೆಗೆ ಕಟ್ಟುತ್ತಾ ಬಂದೆ. ಕಂತು ಅಲ್ಲಿಂದಲೇ ಹೋಗುತ್ತದೆ, ಅವರದೂ ಸೇರಿದರೆ ಆಯಿತು ಎಂದುಕೊಂಡೆ. ಮದುವೆ ಮುರಿದವಳಿಗೆ ಆ ಖಾತೆಯನ್ನೂ ಮುಚ್ಚಬೇಕೆಂದು ಹೊಳೆಯಲಿಲ್ಲ ನೋಡಿ! ನಿಮ್ಮ ಮಗ ತಮ್ಮ ಪಾಲು ಹಾಕುವುದಿರಲಿ, ನಾನು ಹಾಕಿದ್ದನ್ನೂ ತೆಗೆದುಕೊಂಡಿದ್ದಾರೆ. ಪಾಸ್‌ಬುಕ್ ತೆಗೆದು ನೋಡಿದಾಗಲೇ ಗೊತ್ತಾಗಿದ್ದು.

ಬ್ಯಾಂಕಿನ ವಸೂಲಿಯವನು ಈಗ ದಿನಾ ಬರುತ್ತಾನೆ. ಕೂಗಾಡುವುದಿಲ್ಲ, ಅದೇ ಹೆದರಿಕೆ. ಬನ್ನು ತಿನ್ನುತ್ತಾ ಓವನ್ನಿನ ಅಗಲ, ಬಾಗಿಲಿನ ಅಗಲ ಕಣ್ಣಲ್ಲೇ ಅಳೆಯುತ್ತಾನೆ. ತೀರ್ಪು ತೋರಿಸಿದೆ. “ಅದು ನಿಮ್ಮಿಬ್ಬರ ಮಾತು ಅಕ್ಕಾ. ನಮಗೆ ಯಾರು ಸಿಗ್ತಾರೋ ಅವರೇ ಪೂರ್ತಿ ಕಟ್ಬೇಕು” ಎಂದ. ನಾನು ಸಿಗುತ್ತೇನೆ, ಅಂಗಡಿ ಬಿಟ್ಟು ಎಲ್ಲಿಗೆ ಹೋಗಲಿ? ಸೋಮವಾರ ಓವನ್ ಹೊತ್ತೊಯ್ಯುತ್ತಾರಂತೆ. ಹೊರಗೆ ಬೂಟಿನ ಸದ್ದಾದರೆ ಹಿಟ್ಟಿನಲ್ಲಿದ್ದ ಕೈ ಹಾಗೇ ನಿಲ್ಲುತ್ತದೆ. ನಿನ್ನೆ ಒಂದು ತಟ್ಟೆ ಬ್ರೆಡ್ಡು ಕರಕಲಾಯಿತು, ವಾಸನೆ ಕೂಡ ತಿಳಿಯಲಿಲ್ಲ.

ಪಾಲು ಕಟ್ಟದಿದ್ದರೆ ಜೈಲಾದೀತು ಎಂದು ವಕೀಲರಮ್ಮನಿಂದ ನಿಮ್ಮ ಮಗನಿಗೆ ನೋಟಿಸು ಕಳಿಸಿದ್ದೆ. ಇವತ್ತು ಬೆಳಿಗ್ಗೆ ಅವರ ಫೋನು ಬಂತು. ಜಗಳವಿಲ್ಲ, ಬೆಣ್ಣೆಯಂಥ ದನಿ. “ನನ್ನ ಪಾಲೇನು, ಪೂರ್ತಿ ಸಾಲಾನೇ ಈ ವಾರ ತೀರಿಸ್ತೀನಿ. ಅಮ್ಮನಿಗೆ ಮಾತ್ರ ಏನೂ ಹೇಳ್ಬೇಡ” ಎಂದರು. ಸುಳ್ಳೇಕೆ ಹೇಳಲಿ, ಜೀವ ಬಂದಂತಾಯಿತು. ಖುಷಿಯಲ್ಲಿ ಹಿಟ್ಟು ಕಲಸಲು ಹೋದೆ. ಆಮೇಲೆ, ನಡುವೆ ನಿಮ್ಮ ಮಾತೇಕೆ ಬಂತು ಎಂಬ ಯೋಚನೆ ಹತ್ತಿತು. ಹಿಟ್ಟು ಹಾಗೇ ಬಿದ್ದಿದೆ.

ಕಣ್ಣಿಗೆ ಹನಿ ಹಾಕಿಸಿಕೊಳ್ಳುವುದನ್ನು ತಪ್ಪಿಸಬೇಡಿ. ನಾದಿನಿಗೆ ನನ್ನ ನೆನಪು ಹೇಳಿ.

ನೀವು ಹಿಟ್ಟಿನ ಹದ ಕಲಿಸಿದ
ಸೊಸೆ

ತಾ.ಕ.: ವಸೂಲಿಯವನು ಈಗಷ್ಟೇ ಬಂದು ಹೋದ. “ನಿಮ್ಮ ಓವನ್ ಉಳೀತು ಬಿಡಿ ಅಕ್ಕಾ. ಅವರಮ್ಮ ಮನೆ ಒತ್ತೆ ಇಡ್ತಾರಂತೆ, ಸಹಿ ಒಂದೇ ಬಾಕಿ” ಎಂದ. ಇನ್ನು ನಿಮ್ಮ ಮಗ ಹಣ್ಣು ಹಿಡಿದು ಬರುತ್ತಾರೆ, ಆಸ್ಪತ್ರೆಯ ಕಾಗದ ಎಂದು ಹೇಳಿ ಸಹಿ ಕೇಳುತ್ತಾರೆ, ನೋಡುತ್ತಿರಿ. ಫೋನು ಮಾಡೋಣವೆಂದರೆ ಎತ್ತುವುದು ನಿಮ್ಮ ಅಳಿಯ, ಅವರೂ ನಿಮ್ಮ ಮಗನ ಕಡೆಯವರೇ. ಅದಕ್ಕೇ ಇದನ್ನು ಬಸ್ಸಿನ ಡ್ರೈವರ್ ಕೈಲಿ ಕೊಡುತ್ತಿದ್ದೇನೆ, ನಾದಿನಿಯ ಕೈಗೇ ಕೊಡುತ್ತಾನೆ. ಅತ್ತೇ, ಕೈಹಿಡಿದು ಬರೆಸಿದರೂ ಸಹಿ ಹಾಕಬೇಡಿ. ಸೋಮವಾರ ಓವನ್ ಹೋದರೆ ಹೋಗಲಿ. ನಿಮ್ಮ ಮನೆಯೇ ಹೋದರೆ, ಆಮೇಲೆ ನಾನು ಯಾರ ಮನೆಗೆ ಬರಲಿ?