ಹಿತ್ತಲಿನ ಹೆಣ್ಣು ಖರ್ಜೂರ

೯ ಫೆಬ್ರವರಿ ೧೯೫೫, ಆದೋನಿ

ಎಂಟನೇ ಕ್ಲಾಸಿಗೆ ಹೂವಿನ ಪಾಠ. ದಾಸವಾಳ ಒಯ್ದು ಬ್ಲೇಡಿನಿಂದ ಸೀಳಿ ತೋರಿಸಿದೆ. ನನ್ನ ಬಾಯಿಗೆ ಪರಾಗ, ಮಕ್ಕಳ ಪುಸ್ತಕದಲ್ಲಿ ತೆಲುಗಿನ ಪುಪ್ಪೊಡಿ. ಎರಡೂ ಬರೆಸಿದೆ.

ಮನೆಗೆ ಬಂದರೆ, ಮನೆ ಮಾಲೀಕರಾದ ಗುರುಶಾಂತಮ್ಮನವರ ಮೈದುನ ರೇವಣಸಿದ್ದಯ್ಯ ಹಗ್ಗ ಹಿಡಿದು ಹಿತ್ತಲು ಅಳೆಯುತ್ತಿದ್ದರು. ಹತ್ತಿ ಅಂಡಿಗೆಗಳಿಗೆ ಗೋದಾಮು ಬೇಕಂತೆ. ಖರ್ಜೂರದ ಮರ ಅಡ್ಡ. ಗುರುಶಾಂತಮ್ಮನವರ ಯಜಮಾನರು ಬೊಂಬಾಯಿಯಿಂದ ತಂದ ಹಣ್ಣಿನ ಬೀಜ ಹಾಕಿ ಬೆಳೆಸಿದ್ದು. ಅವರು ಈಗ ಇಲ್ಲ.

“ವರ್ಷಾ ಹೂ ಬಿಡತೈತಿ, ಒಂದು ಕಾಯಿ ನೆಟ್ಟಗ ಆಗಂಗಿಲ್ಲ. ಬಂಜಿ ಮರ ಇಟ್ಕೊಂಡು ಏನ್ಮಾಡ್ತೀರಿ, ಅತ್ತಿಗಿ?”

ಗುರುಶಾಂತಮ್ಮ ಒಳಗೆ ಹೋದರು. ಅವರಿಗೆ ಮಕ್ಕಳಿಲ್ಲ. ಮೈದುನರಿಗೆ ಅದು ನೆನಪಾಗಲಿಲ್ಲವೋ, ನೆನಪಿದ್ದೇ ಅಂದರೋ...

೧೦ ಫೆಬ್ರವರಿ

ಹೋದ ವರ್ಷದ ಒಣ ಗೊನೆ ಮರದಲ್ಲೇ ಇತ್ತು. ಒಂದು ಎಳೆ ಕಿತ್ತು ಲೆನ್ಸಿನಲ್ಲಿ ನೋಡಿದೆ. ಪ್ರತಿ ಹೂವಿನ ಜಾಗದಲ್ಲಿ ಮೂರು ಮೂರು ಪುಟ್ಟ ಕಾಯಿ, ಅಂಟಿಕೊಂಡೇ ಒಣಗಿವೆ. ಒಳಗೆ ಬೀಜವಿಲ್ಲ. ಹೆಣ್ಣು ಮರ. ದಾಸವಾಳದ ಹಾಗೆ ಒಂದೇ ಹೂವಿನಲ್ಲಿ ಎರಡೂ ಇರುವುದಿಲ್ಲ ಇದಕ್ಕೆ. ಗಂಡು ಮರವೇ ಬೇರೆ. ಊರಿನಲ್ಲಿ ಇನ್ನೊಂದು ಖರ್ಜೂರ ನಾನು ಕಂಡಿಲ್ಲ. ಪರಾಗ ಎಲ್ಲಿಂದ ಬರಬೇಕು?

ಗುರುಶಾಂತಮ್ಮನವರಿಗೆ ಹೇಳಿದೆ. ಅಕ್ಕಿ ಆರಿಸುತ್ತಿದ್ದ ಕೈ ನಿಂತಿತು.

“ಹಂಗಾರ ಇದರ ತಪ್ಪು ಏನೂ ಇಲ್ಲ.”

“ಏನೂ ಇಲ್ರೀ.”

“ಇನ್ನೊಮ್ಮೆ ಹೇಳ್ರಿ, ಟೀಚರಮ್ಮ.”

ಇನ್ನೊಮ್ಮೆ ಹೇಳಿದೆ.

೧೮ ಫೆಬ್ರವರಿ

ಈ ವರ್ಷದ ಹೂಗೊನೆ ಬಿರಿದಿದೆ. ದೊಡ್ಡ ಸೌಟಿನಂಥ ಕಂದು ಹೊದಿಕೆ, ಅದರೊಳಗೆ ದಂತದ ಬಣ್ಣದ ಎಳೆಗಳು, ಎಳೆಯುದ್ದಕ್ಕೂ ಜೋಳದ ಕಾಳಿನಷ್ಟು ದುಂಡು ಹೂ. ಎಷ್ಟು ಅಚ್ಚುಕಟ್ಟು. ಆದರೆ ಕೆಲವೇ ದಿನ ತಾಳುತ್ತವೆ. ಈಚಲು ಖರ್ಜೂರದ ಹತ್ತಿರದ ನೆಂಟ. ಅದರ ಪರಾಗ ನಡೆದೀತು. ಹೊಳಗುಂದದ ಹಳ್ಳದಲ್ಲಿ ಇದೆಯಂತೆ. ಭಾನುವಾರ ಹೋಗುವುದು.

“ನಾನೂ ಬರ್ತೀನಿ” ಎಂದರು ಗುರುಶಾಂತಮ್ಮ. ಯಜಮಾನರು ಹೋದ ಮೇಲೆ ಊರಿನ ಮಠಕ್ಕೆ ಬಿಟ್ಟರೆ ಬೇರೆಲ್ಲಿಗೂ ಹೋದವರಲ್ಲ.

೨೦ ಫೆಬ್ರವರಿ, ಸಂಜೆ

ಹಳ್ಳದಲ್ಲಿ ಆದೆಪ್ಪ ಎಂಬಾತ ಸಿಕ್ಕ. ಮೊದಲು ಈಚಲ ಹೆಂಡ ಇಳಿಸುತ್ತಿದ್ದವನು, ಪಾನನಿಷೇಧ ಬಂದ ಮೇಲೆ ಕೂಲಿ. ಈಚಲ ಮರ ಏರಿ ಗಂಡು ಹೂ ಕೊಯ್ದು ಕೊಡು ಅಂದರೆ ಹಿಂದೆ ಸರಿದ.

“ವದ್ದಮ್ಮಾ, ಬ್ಯಾಡ. ಪೊಲೀಸ್ನೋರು ನೋಡಿದ್ರ ಹೆಂಡಕ್ಕ ಹತ್ಯಾನ ಅಂತಾರ.”

ಗುರುಶಾಂತಮ್ಮ ಮರದ ಬುಡದಲ್ಲಿ ಕುಳಿತೇಬಿಟ್ಟರು. “ಯಾರರ ಬಂದ್ರ ನಾ ಹೇಳ್ತೀನಪ್ಪ. ಹಣಿ ತುಂಬ ವಿಭೂತಿ ಹಚ್ಚಿದ ಮುದುಕಿ ಹೆಂಡಕ್ಕ ಬಂದಾಳ ಅಂದ್ರ ಯಾರು ನಂಬ್ತಾರ?”

ನಕ್ಕು ಹತ್ತಿದ. ಗಂಡು ಗೊನೆ ಪೊರಕೆಯಂತೆ ಒತ್ತೊತ್ತಾಗಿತ್ತು, ಅಲ್ಲಾಡಿಸಿದರೆ ಹಿಟ್ಟಿನಂಥ ಪರಾಗ. ಪೇಪರಿನಲ್ಲಿ ಸುತ್ತಿದರೂ ಬಸ್ಸಿನಲ್ಲಿ ಪಕ್ಕದವರ ಕರಿ ಕೋಟಿನ ಮೇಲೆಲ್ಲ ಉದುರಿತು. ಪಾಪ, ಜಾಡಿಸುತ್ತಲೇ ಇದ್ದರು.

ಬಂದವಳೇ ಮರಕ್ಕೆ ಏಣಿ ಹಾಕಿದೆ. ಗುರುಶಾಂತಮ್ಮ ಕೆಳಗೆ ಹಿಡಿದರು. ಗಂಡು ಎಳೆಗಳನ್ನು ಹೆಣ್ಣು ಗೊನೆಯ ನಡುವೆ ಸಿಕ್ಕಿಸಿ ಸಡಿಲಾಗಿ ದಾರ ಕಟ್ಟಿದೆ. ಗರಿಯ ಮುಳ್ಳು ಮೊಣಕೈ ಗೀರಿತು. ಕಣ್ಣಿಗೆ ಕಾಣದ ಒಂದು ಕಣ ಹೂವಿನ ತುದಿಗೆ ತಾಗಿ, ಅಲ್ಲಿಂದ ಕೂದಲಿಗಿಂತ ಸಣ್ಣ ಕೊಳವೆಯಾಗಿ ಒಳಗಿಳಿದು... ಇದನ್ನೇ ವರ್ಷ ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ಏಣಿಯ ಮೇಲೆ ನಿಂತಾಗ ಮೈ ಜುಮ್ಮೆಂದಿತು.

೨೮ ಮಾರ್ಚ್

ಪರೀಕ್ಷೆ, ಪೇಪರ್ ತಿದ್ದುವುದು. ಬರೆಯಲಾಗಲಿಲ್ಲ.

ಇವತ್ತು ಏಣಿ ಹತ್ತಿ ನೋಡಿದೆ. ಮೂರರಲ್ಲಿ ಎರಡು ಉದುರಿವೆ, ಒಂದು ಉಬ್ಬಿದೆ. ಬಟಾಣಿ ಗಾತ್ರ, ಹಸಿರು. ಒಂದನ್ನು ಸೀಳಿದೆ — ಒಳಗೆ ಬೀಜ, ಇನ್ನೂ ಮೆತ್ತಗೆ, ಬೆಳ್ಳಗೆ. ಇಳಿದು ಬಂದು ಅಂಗೈಯಲ್ಲಿ ತೋರಿಸಿದೆ. ಗುರುಶಾಂತಮ್ಮ ನನ್ನ ಕೈ ಹಿಡಿದುಕೊಂಡೇ ನಿಂತರು.

೧೬ ಏಪ್ರಿಲ್

ರೇವಣಸಿದ್ದಯ್ಯ ಕೊಡಲಿಯವರನ್ನು ಕರೆತಂದರು. ಕಾಯಿ ತೋರಿಸಿದೆ. ಅರ್ಧ ಒಪ್ಪಿದರು.

“ಆತು, ಬುಡ ಇರ್ಲಿ. ಗರಿ ಅಡ್ಡ ಬರ್ತಾವು, ತಲಿ ಅಷ್ಟ ಕಡಿಯೋಣು. ಬೇವಿನಂಗ ಚಿಗೀತೈತಿ.”

“ಚಿಗಿಯಂಗಿಲ್ರೀ. ಬೇವಿಗೆ ಮೈಯೆಲ್ಲ ಮೊಗ್ಗು. ಇದಕ್ಕ ಇರೋದು ನೆತ್ತಿ ಮ್ಯಾಲಿನ ಒಂದೇ ಕುಡಿ. ಅದು ಹೋದ್ರ ಮರಾನ ಹೋತು.”

ಅತ್ತಿಗೆಯ ಕಡೆ ನೋಡಿದರು. ಗುರುಶಾಂತಮ್ಮ ದನಿ ಏರಿಸಲಿಲ್ಲ.

“ಹಿತ್ತಲು ನನ್ನ ಹೆಸರಿಗೈತಿ, ಸಿದ್ದಯ್ಯ. ಬಂಜಿ ಅಂದಿ. ಮರಕ್ಕ ಅಂದ್ಯೋ ನನಗ ಅಂದ್ಯೋ, ಕೇಳಲಿಲ್ಲ ನಾನು. ಗೋದಾಮು ಬ್ಯಾರೆ ಕಡೆ ಕಟ್ಟಿಸು.”

ರೇವಣಸಿದ್ದಯ್ಯನವರ ಮುಖ ಕೆಂಪಾಯಿತು. “ತಪ್ಪಾತು” ಅಂದರು. ಗುರುಶಾಂತಮ್ಮ ಕೊಡಲಿಯವರಿಗೆ ಚಹಾ ಕೊಟ್ಟು ಕಳಿಸಿದರು. ಇವರನ್ನು ಮೆತ್ತನೆಯವರು ಅಂದುಕೊಂಡಿದ್ದೆ ಇಷ್ಟು ದಿನ.

೧೭ ಜುಲೈ

ಹಣ್ಣಾಗಿದೆ. ಚಿಕ್ಕದು, ಈಚಲಿನ ಪರಾಗ ಅಲ್ಲವೇ. ಆದರೆ ಸಿಹಿ. ರೇವಣಸಿದ್ದಯ್ಯ ಒಂದು ತಿಂದು ಇನ್ನೊಂದಕ್ಕೆ ಕೈ ಚಾಚಿದರು. ಗುರುಶಾಂತಮ್ಮ ತಾವು ತಿಂದ ಹಣ್ಣಿನ ಬೀಜ ತೊಳೆದು ಹಿಡಿದುಕೊಂಡಿದ್ದಾರೆ.

“ಇದನ್ನ ಹಾಕಿದ್ರ ಗಂಡಾಗ್ತೈತೋ, ಹೆಣ್ಣೋ?”

“ಹೂ ಬಿಡೋತನಕ ಯಾರಿಗೂ ತಿಳಿಯಂಗಿಲ್ರೀ. ವರ್ಷಗಟ್ಟಲೆ ಆಗ್ತೈತಿ.”

“ಆಗ್ಲಿ. ಕಾಯೋಣು.”

ಈಗ ಹಿತ್ತಲಲ್ಲಿ ಕುಡಗೋಲಿನಿಂದ ಮಣ್ಣು ಕೆದಕುತ್ತಿದ್ದಾರೆ, ಕಿಟಕಿಯಿಂದ ಕಾಣುತ್ತದೆ. ಗೋಡೆಯ ನೆರಳಿನಲ್ಲಿ ಬೇಡ, ಬಿಸಿಲಿಗೆ ಹಾಕಿರಿ ಅಂತ ಹೇಳಬೇಕು. ನೀರು ಕೂಡ — ಇರಲಿ, ಎದ್ದು ಹೋಗಿಯೇ ಹೇಳುತ್ತೇನೆ.