ತಮಟೆ ಕಾಯಿಸುತ್ತಿದ್ದ ತಗಡು

ಮಾದಣ್ಣಾ,

ತಾಲ್ಲೂಕು ಕಚೇರಿಯವರು ಕೊಡುತ್ತೇವೆ ಅಂದದ್ದು ನಮ್ಮ ಕೇರಿಯಿಂದ ಸುಡುಗಾಡಿಗೆ ಒಂದು ದಾರಿ. ಕೊಡಲಿಲ್ಲ. ಅಳತೆ ಮಾಡಿಸುತ್ತೇವೆ ಅಂದರು. ಅಳೆಯುವವನು ಬಂದ, ಕಬ್ಬಿನ ಗದ್ದೆಯವರ ಜಗುಲಿಯಲ್ಲಿ ಕಾಫಿ ಕುಡಿದ, ಹೋದ. ಕಲ್ಲು ನೆಡಿಸುತ್ತೇವೆ ಅಂದರು. ನೆಡಲಿಲ್ಲ. ಮಳೆ ಕಳೆಯಲಿ ಅಂದರು, ಕಳೆಯಿತು. ಚುನಾವಣೆ ಮುಗಿಯಲಿ ಅಂದರು, ಮುಗಿಯಿತು. ನಕ್ಷೆಯಲ್ಲಿ ದಾರಿ ಇದೆ, ನೆಲದ ಮೇಲೆ ಕಬ್ಬು ಇದೆ. ಕೊನೆಗೆ ನಿನ್ನನ್ನೂ ಬದುವಿನ ಮೇಲೇ ಹೊತ್ತೆವು, ಒಬ್ಬರ ಹಿಂದೆ ಒಬ್ಬರು. ಚಟ್ಟ ವಾಲಿದಾಗಲೆಲ್ಲ ಕಬ್ಬಿನ ಗರಿ ನಿನ್ನ ಮುಖಕ್ಕೆ ತಗುಲುತ್ತಿತ್ತು. ಅದನ್ನು ಸರಿಸಲು ಯಾರಿಗೂ ಕೈ ಬಿಡುವಿರಲಿಲ್ಲ.

ಇನ್ನೊಂದು ಮಾತು ಕೊಟ್ಟವಳು ನಾನು. ನಿನ್ನ ವ್ಯಾನನ್ನು ಮಾರುವುದಿಲ್ಲ ಅಂದಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮೊದಲ ಸಲ ಆ ಮೆಟಡಾರ್ ಹತ್ತಿದ ದಿನ ನಿನಗೆ ನೆನಪಿದೆಯೇ? ಉಮ್ಮತ್ತೂರಿನ ಬಸ್ ನಿಲ್ದಾಣದಲ್ಲಿ ಚೀಲ ತಬ್ಬಿಕೊಂಡು ನಿಂತಿದ್ದೆ. ಜಾಥಾಕ್ಕೆ ಹೊರಟ ಹುಡುಗಿ ರಾತ್ರಿ ಎಲ್ಲಿ ಮಲಗುತ್ತಾಳೆ ಅಂತ ನಮ್ಮವ್ವ ನಿನ್ನನ್ನು ಕೇಳಿದಳು. ನೀನು ಹಿಂದಿನ ಬಾಗಿಲು ತೆಗೆದು ತೋರಿಸಿದೆ. ಎರಡು ಅಟ್ಟದ ಮಂಚ, ಸೀಮೆಎಣ್ಣೆ ಸ್ಟೌ, ನೀರಿನ ಡ್ರಮ್ಮು, ಒಳಗಿನಿಂದ ಹಾಕುವ ಚಿಲಕ. "ಚಿಲ್ಕ ಒಳ್ಗಡೆ ಅದೆ ನೋಡವ್ವ. ಹೆಣ್ಮಕ್ಳು ಒಳ್ಗೆ, ನಾನು ವ್ಯಾನಿನ್ ತಳ್ಗೆ ಚಾಪೆ ಆಕ್ಕೊಂಡು. ಇನ್ನೇನ್ ಬೇಕು, ಲಾಡ್ಜು ಬೇಕಾ?" ನಮ್ಮವ್ವ ನಕ್ಕುಬಿಟ್ಟಳು. ಅವಳನ್ನು ನಗಿಸಿದವನ ಜೊತೆ ಎಲ್ಲಿಗಾದರೂ ಹೋಗಬಹುದು ಅಂತ ನಾನು ಹತ್ತಿದೆ.

ಚಂದಕವಾಡಿಯಲ್ಲಿ ನಮ್ಮ ಮಾನ ಹೋದ ಆ ಸಂಜೆ ನನಗೆ ಈಗಲೂ ಕೇಳಿಸುತ್ತದೆ. ಹಳೆಯ ಎಂಜಿನ್ನು ಕೆಂಡದ ಒಲೆಯಂತಿತ್ತು. ಡ್ರೈವರ್ ಪಕ್ಕದಲ್ಲೇ, ಕ್ಯಾಬಿನ್ನಿನ ಒಳಗೇ ಅದರ ಮುಚ್ಚಳ. ತಮಟೆಗಳನ್ನು ಅದರ ಮೇಲೆ ಒರಗಿಸಿಟ್ಟರೆ ಮುಂದಿನ ಊರು ಮುಟ್ಟುವ ಹೊತ್ತಿಗೆ ಚರ್ಮ ಬಿಗಿದು ಸಿದ್ಧ. ಹುಲ್ಲು ಹೊತ್ತಿಸಬೇಕಾಗಿರಲಿಲ್ಲ, ಮಳೆಗೆ ಹೆದರಬೇಕಾಗಿರಲಿಲ್ಲ. ಅಂಥ ಎಂಜಿನ್ನು ಕೈಕೊಟ್ಟಾಗ ನೀನು ಮೈಸೂರಿನ ಗುಜರಿಯಿಂದ ಹೊಸ ಕಾಲದ ಟರ್ಬೊ ಎಂಜಿನ್ನು, ಐದು ಗೇರಿನ ಪೆಟ್ಟಿಗೆ ತಂದು ಕೂರಿಸಿದೆ. ವ್ಯಾನು ಹಾರಿತು. ಆದರೆ ಹೊಸ ಎಂಜಿನ್ನು ತಣ್ಣಗಿತ್ತು, ಮುಚ್ಚಳದ ಒಳಗೆ ಶಾಖ ತಡೆಯುವ ಮೆತ್ತೆ ಬೇರೆ. ಚಂದಕವಾಡಿಯ ಜಡಿಮಳೆಯಲ್ಲಿ ಹೋರಾಟದ ಮೊದಲ ಪೆಟ್ಟು ಒದ್ದೆ ಗೋಣಿಚೀಲ ಒದರಿದ ಹಾಗೆ ಕೇಳಿತು. ಮುಂದೆ ಕೂತಿದ್ದ ಅಜ್ಜಿಯೊಬ್ಬಳು ಕೂಗಿದಳು: "ಏನ್ರಲಾ, ತಮಟೆ ಬಡೀತಿದ್ದೀರೋ, ಬಟ್ಟೆ ಒಗೀತಿದ್ದೀರೋ?"

ಮರುದಿನ ನೀನು ಆ ಮೆತ್ತೆಯನ್ನು ಕಿತ್ತು ಬಿಸಾಕಿದೆ. ಮುಚ್ಚಳವನ್ನೇ ಕೊಯ್ದು ಒಂದು ಬರಿಯ ಕಬ್ಬಿಣದ ತಗಡು ಬಡಿದೆ. ಆಮೇಲೆ ತಮಟೆ ಕಾದವು, ನಿನ್ನ ಎಡ ಮೊಣಕಾಲೂ ಕಾಯಿತು. ಅಲ್ಲಿಯ ಚರ್ಮ ಕಪ್ಪಾಗಿ ಸುಲಿದು ಬರುತ್ತಿತ್ತು. ಗೋಣಿ ಸುತ್ತಿಕೋ ಅಂದರೆ, "ಸುಮ್ಕಿರಮ್ಮಿ, ಮಂಡಿನೋವ್ಗೆ ಶಾಖ ಒಳ್ಳೇದು ಕಣಮ್ಮಿ" ಅನ್ನುತ್ತಿದ್ದೆ. ನಿನಗೆ ಮಂಡಿನೋವೇ ಇರಲಿಲ್ಲವಲ್ಲ ಅಣ್ಣಾ.

ನೀನು ಹೋದ ದಿನ ನಾವು ಹಿಂದೆ ಕೂತು ಹಾಡುತ್ತಿದ್ದೆವು. ಗುಂಡ್ಲುಪೇಟೆಯಲ್ಲಿ ಇನ್ನೊಂದು ಮನವಿ ಕೊಟ್ಟು ವಾಪಸು ಬರುತ್ತಿದ್ದೆವು. ತೆರಕಣಾಂಬಿ ದಾಟಿದ ಮೇಲೆ ಹುಣಸೆಮರದ ಕೆಳಗೆ ನೀನು ವ್ಯಾನನ್ನು ಮೆಲ್ಲಗೆ ಬದಿಗೆ ತಂದೆ. ಎಂಜಿನ್ನು ನಿಲ್ಲಿಸಿದೆ. ಹ್ಯಾಂಡ್‌ಬ್ರೇಕ್ ಎಳೆದ ಶಬ್ದ ನಾನು ಕೇಳಿದೆ, ಕರಕರ ಅಂತ. ಟೀಗೆ ನಿಲ್ಲಿಸಿದ ಅಂದುಕೊಂಡು ನಾವು ಇನ್ನೊಂದು ಪಲ್ಲವಿ ಎತ್ತಿಕೊಂಡೆವು. ಅದು ಮುಗಿಯುವ ಹೊತ್ತಿಗೆ ನೀನು... ಯಾರಿಗೆ ಹಾಡಿದೆವು ಅಣ್ಣಾ ಆ ಪಲ್ಲವಿಯನ್ನು? ಎದೆ ಹಿಂಡುತ್ತಿದ್ದಾಗಲೂ ಹಿಂದಿರುವ ಹೆಂಗಸರು ಉರುಳಬಾರದು ಅಂತ ಬ್ರೇಕ್ ಎಳೆದು ಸತ್ತೆಯಲ್ಲ, ಒಂದು ಸಲ ಕೂಗಿದ್ದರೆ ಏನಾಗುತ್ತಿತ್ತು?

ಸಂಘದ ಸಭೆಯಲ್ಲಿ ಮಾರುವ ಮಾತು ಬಂದ ದಿನ ನಾನು ಮೇಜು ಗುದ್ದಿದೆ. ಗುದ್ದಿದರೆ ಏನು ಬಂತು? ವ್ಯಾನಿಗೆ ವಯಸ್ಸಾಯಿತು, ರಸ್ತೆಯಲ್ಲಿ ಓಡಿಸಲು ಎಫ್‌ಸಿ ಕೊಡುವುದಿಲ್ಲ ಅಂತ ಆರ್‌ಟಿಒದವರು ಅಂದಿದ್ದರು. ದಾರಿಯ ಕೇಸಿಗೆ ವಕೀಲರು ಬೇಕು, ವಕೀಲರಿಗೆ ಕೊಡಲು ನಮ್ಮ ಹತ್ತಿರ ಇದ್ದದ್ದು ಆ ವ್ಯಾನು ಒಂದೇ. ಅಷ್ಟರಲ್ಲಿ ಕೇಳಿ ಬಂದದ್ದು ಒಂದು ರೆಸಾರ್ಟು. ಗೋಪಾಲಸ್ವಾಮಿ ಬೆಟ್ಟ ಕಾಣುವ ಹಾಗೆ ಹುಲ್ಲಿನ ಮೇಲೆ ಹಳೇ ಕ್ಯಾಂಪರ್ ವ್ಯಾನು ನಿಲ್ಲಿಸಿ ಅದರಲ್ಲಿ ಪ್ರವಾಸಿಗಳನ್ನು ಮಲಗಿಸುತ್ತಾರಂತೆ. ಸುಲ್ತಾನ್ ಬತ್ತೇರಿ ಕಡೆಯ ಬಿಜು ಅನ್ನುವವನು ಅವರ ಪರವಾಗಿ ಗುಂಡ್ಲುಪೇಟೆಗೆ ಬಂದ. ಹಳೇ ಗಾಡಿಗಳನ್ನು ಹೊಸದರ ಹಾಗೆ ಮಾಡುವುದೇ ಅವನ ಕಸುಬು. ವ್ಯಾನು ಇದ್ದದ್ದು ನಿನ್ನ ಶಿಷ್ಯ ನಂಜುಂಡಿಯ ಗ್ಯಾರೇಜಿನ ಶೆಡ್ಡಿನಲ್ಲಿ, ಹುಣಸೆಮರದ ಕೆಳಗಿನಿಂದ ಅವನೇ ಎಳೆದು ತಂದು ನಿಲ್ಲಿಸಿದ್ದ ಜಾಗದಲ್ಲೇ.

ಬಿಜು ಟಾರ್ಚು ಹಿಡಿದು ಕೆಳಗೆ ನುಗ್ಗಿದ್ದನ್ನು ನೋಡಿದಾಗ ನನಗೆ ನೀನೇ ನುಗ್ಗಿದ ಹಾಗಾಯಿತು. ಹೊರಗೆ ಚಾಚಿದ ಕಾಲು, ಎಣ್ಣೆ ಕಲೆಯ ಪ್ಯಾಂಟು. ತನ್ನ ಮಲಯಾಳದಲ್ಲಿ ಅಕ್ಕ ಅಂತ ಕರೆದು ಅವನು ಕೇಳಿದ್ದು ಒಂದೇ: "ಒರಿಜಿನಲ್ ಯಾವುದು ಚೇಚಿ, ಆಮೇಲೆ ಹಾಕಿದ್ದು ಯಾವುದು? ಆಮೇಲೆ ಹಾಕಿದ್ದೆಲ್ಲ ತೆಗೆದು ಗುಜರಿಗೆ ಬಿಡೋದು. ಕಂಪನಿಯಿಂದ ಬಂದ ಹಾಗೆ ಇರಬೇಕು ಕೇಟ್ಟೋ."

ಆ ಗುರುತು ಹಿಡಿಯುವ ಕೆಲಸಕ್ಕೆ ನಂಜುಂಡಿ ಸ್ಪ್ಯಾನರ್ ಹಿಡಿದ. ನೀನು ಕೂರಿಸುವ ಪ್ರತಿ ಬೋಲ್ಟಿಗೂ ಗ್ರೀಸ್ ಸವರುತ್ತಿದ್ದೆಯಲ್ಲ, ಅದೇ ಗುರುತು. "ತಿರುಗುದ್ರೆ ಮಾದಣ್ಣಂದು ಕಣಕ್ಕ, ತಿರುಗ್ನಿಲ್ಲ ಅಂದ್ರೆ ಕಂಪ್ನೀದು" ಅಂದ. ಕಂಪನಿಯ ಬೋಲ್ಟುಗಳು ತುಕ್ಕು ಕಚ್ಚಿ ಅಲುಗಲಿಲ್ಲ. ನಿನ್ನವು ಬೆರಳಿಗೇ ಬಿಚ್ಚಿಕೊಂಡವು. ಯಾರಾದರೂ ಒಂದು ದಿನ ಬರುತ್ತಾರೆ ಅಂತ ಗೊತ್ತಿದ್ದವನ ಹಾಗೆ ಎಲ್ಲವನ್ನೂ ಸಡಿಲವಾಗಿ... ಮುಂದಿನ ಚಕ್ರದ ಡಿಸ್ಕ್ ಬ್ರೇಕು ತಿರುಗಿತು. ಅದು ಗೋಪಾಲಸ್ವಾಮಿ ಬೆಟ್ಟ ಇಳಿದ ಮೇಲೆ ನೀನು ಹಾಕಿದ್ದು. ಆಗ ನಮ್ಮ ಗಾಡಿಗಳನ್ನೂ ಮೇಲಕ್ಕೆ ಬಿಡುತ್ತಿದ್ದರು. ಇಳಿಯುವಾಗ ಬ್ರೇಕು ಕಾದು ಹಿಡಿಯದೆ ನೀನು ಗೇರಿನಲ್ಲೇ ವ್ಯಾನನ್ನು ತಡೆದು, ಇಳಿದು, ಚಕ್ರಕ್ಕೆ ಕಲ್ಲು ಕೊಟ್ಟು, ಹಿಂದೆ ಬಂದ ಯಾವುದೋ ಗೂಡ್ಸ್ ಟೆಂಪೋದವನ ಹತ್ತಿರ ಬೀಡಿಗೆ ಬೆಂಕಿ ಕೇಳಿದ್ದೆ. ಪವರ್ ಸ್ಟೀರಿಂಗ್ ತಿರುಗಿತು. ಅದು ಪೊಲೀಸ್ ಲಾಠಿ ನಿನ್ನ ಭುಜದ ಮೇಲೆ ಬಿದ್ದ ವರ್ಷದ್ದು. ನಾನು ಒಂದೊಂದರ ಹೆಸರನ್ನೂ ಹೀಗೆ ಊರಿನಿಂದ, ಗಾಯದಿಂದ ಹೇಳುತ್ತಾ ಹೋದೆ. ಬಿಜು ಸೀಮೆಸುಣ್ಣದಲ್ಲಿ ಎಲ್ಲದರ ಮೇಲೂ ಇಂಟು ಹಾಕುತ್ತಾ ಬಂದ.

ತಗಡಿನ ಹತ್ತಿರ ಬಂದಾಗ ಅವನು ನಿಂತ. "ಇದು ಏನು ಚೇಚಿ? ಇದು ಒರಿಜಿನಲ್ಲೂ ಅಲ್ಲ, ಅಪ್‌ಗ್ರೇಡೂ ಅಲ್ಲ. ಡ್ರೈವರ್ ಕಾಲು ಬೆಂದು ಹೋಗ್ತದೆ. ತಲೆ ಸರಿ ಇಲ್ಲದವರು ಮಾಡಿದ ಕೆಲಸ."

"ಹೌದು," ಅಂದೆ. "ತಲೆ ಸರಿ ಇದ್ದವರು ಯಾರೂ ನಮ್ಮ ಜೊತೆ ಬರಲಿಲ್ಲ."

ಅವನು ಕೆಟ್ಟವನಲ್ಲ ಅಣ್ಣಾ. ಅವನ ಪಾಡಿಗೆ ಅವನ ಕೆಲಸ. ಹೊರಡುವ ಮುಂಚೆ ಬಾಗಿಲಿನ ಮೇಲೆ ಅರ್ಧ ಸುಲಿದ ನಮ್ಮ ಘೋಷಣೆ ನೋಡಿ ಹೇಳಿದ: "ಇದೊಂದು ಇರಲಿ. ಗೆಸ್ಟುಗಳು ಪಕ್ಕದಲ್ಲಿ ನಿಂತು ಫೋಟೋ ತೆಗೀತಾರೆ." ಆ ಘೋಷಣೆ ಏನು ಗೊತ್ತಲ್ಲ? ಸತ್ತವರಿಗೆ ದಾರಿ ಕೊಡಿ. ಅದರ ಪಕ್ಕದಲ್ಲಿ ನಗುತ್ತಾ ನಿಂತು ಫೋಟೋ! ಕಂಪನಿ ಕೊಟ್ಟದ್ದಕ್ಕೆ ಬೆಲೆ, ನೀನು ಮೈ ಸುಟ್ಟುಕೊಂಡು ಕೊಟ್ಟದ್ದಕ್ಕೆ ಗುಜರಿ, ನಾವು ಕೂಗಿದ್ದಕ್ಕೆ ಅಲಂಕಾರದ ಜಾಗ. ಥೂ. ಆದರೂ ಬಾಯಿ ಬಿಟ್ಟು ಆಗುವುದಿಲ್ಲ ಅನ್ನಲಿಲ್ಲ ನಾನು. ವಕೀಲರ ಮುಖ ಕಣ್ಣೆದುರಿಗಿತ್ತು. ಅಮಾವಾಸ್ಯೆ ಕಳೆದ ಮೇಲೆ ಬಂದು ತೆಗೆದುಕೊಂಡು ಹೋಗುತ್ತೇವೆ ಅಂತ ಅವನೇ ಹೇಳಿ ಹೋದ.

ಹಿರೀಕರ ಎಡೆಯ ದಿನ ಚಿಕ್ಕತಾಯಕ್ಕ ಶೆಡ್ಡಿಗೆ ಬಂದಳು. ನಿನ್ನ ಹೆಂಡತಿಯನ್ನು ನೀನು ಬಲ್ಲೆ, ಹೇಳಿ ಕೇಳಿ ಬರುವವಳಲ್ಲ. ಮುದ್ದೆ, ಕೋಳಿ ಸಾರು, ಒಂದು ಕಟ್ಟು ಬೀಡಿ, ಲೋಟದಲ್ಲಿ ಟೀ. ಮನೆಯಲ್ಲಿ ಇಡದೆ ಎಲ್ಲವನ್ನೂ ತಂದು ಆ ತಗಡಿನ ಮೇಲೆ ಇಟ್ಟಳು. ಇವೆಲ್ಲ ಮೌಢ್ಯ ಅಂತ ಇಡೀ ಜಿಲ್ಲೆಗೆ ಭಾಷಣ ಮಾಡಿದವಳು ನಾನು. ಬಾಗಿಲು ಹಿಡಿದು ನಿಂತೆ. ಎಡೆ ಎತ್ತುವಾಗ ಅವಳು ತಗಡಿನ ಮೇಲೆ ಅಂಗೈ ಇಟ್ಟು ಹಾಗೇ ನಿಂತಳು.

"ಬೆಚ್ಗದೆ ಕಣಮ್ಮಿ."

"ಟೀ ಲೋಟ ಇಟ್ಟಿದ್ದೆಯಲ್ಲ ಅಕ್ಕ, ಅದಕ್ಕೆ."

"ಲೋಟ ಅಲ್ಲಿಟ್ಟಿದ್ದೆ. ನನ್ ಕೈ ಇಲ್ಲಿ ಅದೆ."

ನಾನೂ ಇಟ್ಟು ನೋಡಿದೆ. ಬಿಸಿಲಿಗೆ ಕಾದಿದೆ ಅಂದೆ. ಆ ಶೆಡ್ಡಿನೊಳಗೆ ಬಿಸಿಲು ಎಲ್ಲಿಂದ... ಬಿಡು. ನಾನು ಬರೆಯುವವಳು, ಕಂಡದ್ದನ್ನು ಬರೆಯಬೇಕು. ಬೆಚ್ಚಗಿತ್ತು ಅಣ್ಣಾ. ನೀನು ಹೋಗಿ ವರ್ಷವಾದರೂ ಆ ಎಂಜಿನ್ನು ಒಂದು ಸಲವೂ ಕೂಗಿರಲಿಲ್ಲ.

ಚಿಕ್ಕತಾಯಕ್ಕ ಸೆರಗಿಗೆ ಕೈ ಒರೆಸಿಕೊಂಡು ನನ್ನನ್ನು ಬೈದಳು. "ಎಡೆ ಇಟ್ಟ ಜಾಗದ್ ಮ್ಯಾಲೆ ಯಾರ್‌ಯಾರ್ನೋ ತಂದು ಮನುಗುಸ್ತೀರಾ? ನಿಮ್ ಸಂಗಕ್ಕೆ ದುಡ್ ಬೇಕಾ, ಅವ್ನು ಆಕಿದ್ನಲ್ಲ ಒಳ್ಳೆ ಸಾಮಾನು, ಅದ್ನ ಬಿಚ್ಚಿ ಓಡ್ಸೋರ್ಗೆ ಮಾರ್ಬುಡಿ. ಈ ಬರೀ ತೊಟ್ಟಿ ನಮ್ಗಿರ್ಲಿ."

"ಓಡದ ತೊಟ್ಟಿ ಇಟ್ಟುಕೊಂಡು ಏನು ಮಾಡುವುದು ಅಕ್ಕ?"

"ಓಡೋ ಗಾಡೀಗ್ ತಾನೆ ಎಫ್‌ಸಿ ಕೇಳೋದು? ನಿಂತಿರೋದ್ಕೆ ಯಾವನ್ ಕೇಳಾನು? ದಾರಿ ಕೊಡ್ತೀವಿ ಅಂದ್ರಲ್ಲ, ಆ ದಾರೀಲಿ ತಂದು ನಿಲ್ಸು. ಒಳ್ಗೆ ಮಂಚ ಅದೆ, ಒಲೆ ಅದೆ. ನಾನ್ ಮನೀಕತೀನಿ. ಯಾವನ್ ಬಂದು ಎಬ್ಬುಸ್ತಾನೋ ನೋಡ್ಬುಡನ."

ಇಷ್ಟು ವರ್ಷ ಮನವಿ ಬರೆದ ಕೈ ನನ್ನದು. ಇದೊಂದು ವಾಕ್ಯ ನನಗೆ ಹೊಳೆಯಲಿಲ್ಲವಲ್ಲ?

ಒಂದು ಬೆಳಿಗ್ಗೆ ನಂಜುಂಡಿ ನಿನ್ನ ಎಂಜಿನ್ನನ್ನು ಸರಪಳಿಗೆ ತೂಗಿ ಎತ್ತಿದ. ಎಂಜಿನ್ನು, ಗೇರ್ ಪೆಟ್ಟಿಗೆ, ಸ್ಟೀರಿಂಗು, ಡಿಸ್ಕ್ ಬ್ರೇಕು ಎಲ್ಲವೂ ತೆರಕಣಾಂಬಿ ಸಂತೆಗೆ ತರಕಾರಿ ಹೊಡೆಯುವ ಟೆಂಪೋದವನಿಗೆ ಹೋದವು. ಬಿಜು ಇಂಟು ಹಾಕಿದ ಸೀಮೆಸುಣ್ಣದ ಗುರುತೇ ನಮಗೆ ಪಟ್ಟಿಯಾಯಿತು. ಆ ದುಡ್ಡಿನಲ್ಲಿ ವಕೀಲರು ಕೋರ್ಟಿಗೆ ಕಾಗದ ಹಾಕಿದ್ದಾರೆ. ಟೆಂಪೋದವನು ಮೊದಲ ದಿನ ಎಂಜಿನ್ನು ಎಬ್ಬಿಸಿದಾಗ ನಂಜುಂಡಿ ಫೋನು ಹಿಡಿದು ನನಗೆ ಕೇಳಿಸಿದ. ಅದೇ ಗಂಟಲು. ಈಗ ರಸ್ತೆಯಲ್ಲಿ ಅದು ಹಾದು ಹೋದರೆ ನಾನು ತಿರುಗಿ ನೋಡುವುದಿಲ್ಲ. ನೋಡಿದರೆ ಸೀಟಿನಲ್ಲಿ ಬೇರೆ ಯಾರೋ ಇರುತ್ತಾರೆ.

ಬಿಜುವಿಗೆ ಫೋನು ಮಾಡಿ ಇಲ್ಲ ಅಂದೆ. "ಆ ತಗಡು ಯಾತಕ್ಕೆ ಅಂತ ಆದರೂ ಹೇಳಿ ಚೇಚಿ" ಅಂದ. ಹೇಳಿದೆ. "ಅಯ್ಯೋ," ಅಂದ. ಆಮೇಲೆ, "ಹಾಗಾದರೆ ಅದು ಅಪ್‌ಗ್ರೇಡೇ" ಅಂದ.

ಕಬ್ಬು ಕಡಿದು ಗದ್ದೆ ಬೋಳಾದ ದಿನ ಟ್ರ್ಯಾಕ್ಟರ್ ಕಟ್ಟಿ ವ್ಯಾನನ್ನು ಎಳೆದು ತಂದೆವು. ನಿನ್ನನ್ನು ಹೊತ್ತ ಅದೇ ಬದುವಿನ ತಲೆಗೆ, ನಕ್ಷೆಯಲ್ಲಿ ದಾರಿ ಇರುವ ಜಾಗಕ್ಕೆ. ಗದ್ದೆಯವರು ಬಂದು ಕೂಗಿದರು. ಚಿಕ್ಕತಾಯಕ್ಕ ಮಂಚದ ಮೇಲಿಂದ ಎದ್ದೇ ಇಲ್ಲ. ನಿನ್ನ ಸೀಟಿನಲ್ಲಿ ಕೂತವಳು ನಾನು. ಸೀಟು ನಿನ್ನ ಆಕಾರಕ್ಕೇ ತಗ್ಗಿತ್ತು, ನಾನು ಅದರೊಳಗೆ ಮುಳುಗಿದೆ. ಹ್ಯಾಂಡ್‌ಬ್ರೇಕ್ ಒಂದನ್ನು ನಾವು ಮಾರಲಿಲ್ಲ. ನೀನು ಕೊನೆಗೆ ಮುಟ್ಟಿದ್ದು ಅದು. ಎಳೆದೆ. ಕರಕರ ಅಂತ ಅದೇ ಶಬ್ದ. ಹಿಂದೆ ಹೆಂಗಸರು ಹಾಡುತ್ತಿದ್ದವರು ಒಟ್ಟಿಗೆ ನಿಲ್ಲಿಸಿಬಿಟ್ಟರು. "ನಾನಿದ್ದೀನಿ, ಹಾಡಿ" ಅಂತ ಕೂಗಿದೆ.

ನೀನು ಕೇಳದೆ ಹೋದ ಸುದ್ದಿ ಇದು. ನಿನ್ನ ತಗಡು ಈಗ ಸ್ಟೌವಿನ ಮೇಲಿದೆ, ತಮಟೆಗಳು ಅದಕ್ಕೆ ಒರಗಿವೆ. ದಾರಿ ಸಿಗುವ ತನಕ ವ್ಯಾನು ಅಲ್ಲಿಂದ ಅಲುಗುವುದಿಲ್ಲ. ತಾಲ್ಲೂಕು ಕಚೇರಿಯ ಸಾಹೇಬರು ಬಂದು ಮಾತಾಡುತ್ತೇವೆ ಅಂದಿದ್ದಾರೆ. ಬರಲಿ. ಡ್ರೈವರ್ ಸೀಟಿನಲ್ಲಿ ಯಾರೂ ಕೂರಬಾರದು ಅಂತ ಹೇಳಿಟ್ಟಿದ್ದೇನೆ. ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ, ವ್ಯಾನಿನೊಳಗೇ ಸಭೆ.